ತಮ್ಮನ ದನಿಯಿದ್ದ ಪೆಟ್ಟಿಗೆ

ನನ್ನ ಗಂಡ ಬೀಗ ರಿಪೇರಿ ಮಾಡುವವರು. ಮುಚ್ಚಿದ್ದು ಏನೇ ಕಂಡರೂ ಅವರ ಕೈ ಸುಮ್ಮನಿರುವುದಿಲ್ಲ. ಆ ಕೈಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಗಂಟಲಿನ ಆಪರೇಷನ್ ಆದರೆ ದನಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ತಮ್ಮ ಮಗಳಿಗಾಗಿ ಕಥೆಗಳನ್ನು ಹೇಳಿ ರೆಕಾರ್ಡ್ ಮಾಡಿಟ್ಟ. ಮನೆಯ ಫೋಟೋಗಳನ್ನೆಲ್ಲ ತುಂಬಿಡುವ, ಟಿವಿ ಪಕ್ಕದ ಸ್ಟೋರೇಜ್ ಪೆಟ್ಟಿಗೆಯಲ್ಲಿ ಆ ಕಥೆಗಳ ಫೋಲ್ಡರಿಗೆ ಬೇರೆಯದೇ ಬೀಗ ಹಾಕಿದ. ಪೆಟ್ಟಿಗೆ ಆನ್ ಮಾಡಿದರೆ ಅದು ತಾನಾಗಿ ತೆರೆದುಕೊಳ್ಳುತ್ತಿತ್ತು. ಮಗಳು ಗುಬ್ಬಿ ಊಟ ಮುಗಿಸಿ, ಅಪ್ಪನ ತೊಡೆಯೇರಿ ಕಥೆ ಕೇಳುವಳು. ಅಪ್ಪ ಟಿವಿಯಲ್ಲಿ ಮಾತಾಡುತ್ತಿರುವುದರಿಂದಲೇ ಇಲ್ಲಿ ಸುಮ್ಮನಿದ್ದಾನೆ ಎಂದು ಅವಳ ನಂಬಿಕೆ. ನಮಗ್ಯಾರಿಗೂ ಅದನ್ನು ತಿದ್ದುವ ಮನಸ್ಸು ಬರಲಿಲ್ಲ.

ಮೊನ್ನೆ ಜಾಗ ತುಂಬಿತೆಂದು ಪೆಟ್ಟಿಗೆ ಕಿರುಗುಟ್ಟತೊಡಗಿತು. ಹಳೆಯದನ್ನು ಅಳಿಸಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಆಸ್ಪತ್ರೆಯಿಂದ ಬಂದ ಮೇಲೆ ತಮ್ಮನಿಗೆ ಅದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

"ಒಂದು ಬೀಗಕ್ಕೆ ಇಷ್ಟು ದೊಡ್ಡ ರಾಮಾಯಣವಾ?" ಎಂದು ನನ್ನವರು ಪೆಟ್ಟಿಗೆಯ ಹಿಂದೆ ಕೂತರು. ಅಲ್ಲೊಂದು ಸಣ್ಣ ತೂತು. ಪಿನ್ನು ಹಾಕಿ ಒತ್ತಿ ಹಿಡಿದರೆ ಹಳೆಯ ಪಾಸ್‌ವರ್ಡ್ ಹೋಗುತ್ತದೆಂದು ಯಾವುದೋ ವೀಡಿಯೊದಲ್ಲಿ ನೋಡಿದ್ದರಂತೆ.

ಅಡುಗೆಮನೆಯಿಂದ ಬಂದ ತಮ್ಮ ಅದನ್ನು ನೋಡಿದವನೇ ಜೋರಾಗಿ ಚಪ್ಪಾಳೆ ತಟ್ಟಿದ. ಈಗ ಅವನು ನಮ್ಮನ್ನು ಕರೆಯುವುದು ಹಾಗೆಯೇ.

"ಚಪ್ಪಾಳೆ ಆಮೇಲೆ ತಟ್ಟಯ್ಯಾ, ಮೊದಲು ತೆಗೀತೀನಿ!" ಇವರು ತಿರುಗಿಯೂ ನೋಡಲಿಲ್ಲ. ನಾನೂ ನಕ್ಕೆ. ತಮ್ಮ ಸ್ಲೇಟು ಹುಡುಕಿ 'ಬೇಡ' ಎಂದು ಬರೆಯುವಷ್ಟರಲ್ಲಿ ಪೆಟ್ಟಿಗೆ ಬೀಪ್ ಎಂದಿತು.

ಹೊಸ ಪಾಸ್‌ವರ್ಡ್ ಹಾಕಿದೆವು. ಫೋಟೋಗಳೆಲ್ಲ ಇದ್ದವು. ಕಥೆಗಳ ಫೋಲ್ಡರ್ ಮಾತ್ರ ಮುಚ್ಚಿಕೊಂಡು ತನ್ನ ಕೀಲಿ ಕೇಳುತ್ತಿತ್ತು. ಪಿನ್ನು ಒತ್ತಿದ್ದಕ್ಕೆ, ಅದು ತಾನಾಗಿ ತೆರೆಯಲೆಂದು ಪೆಟ್ಟಿಗೆಯಲ್ಲಿ ಉಳಿಸಿಟ್ಟಿದ್ದ ಕೀಲಿಯೂ ಅಳಿಸಿಹೋಗಿತ್ತು.

"ಇನ್ನೊಂದು ಕೀಲಿ ಎಲ್ಲಾದ್ರೂ ಇಟ್ಟಿರ್ತೀಯಲ್ಲ?" ಎಂದರು ಇವರು.

ತಮ್ಮ ಬರೆದ: 'ಕಥೆಗಳ ಜೊತೇಲೇ ಇಟ್ಟಿದ್ದೆ.'

ಎರಡನೇ ಕೀಲಿಯನ್ನೂ ಮನೆಯೊಳಗೇ ಬಿಟ್ಟು ಬಾಗಿಲೆಳೆದುಕೊಳ್ಳುವ ಗಿರಾಕಿಗಳನ್ನು ದಿನಾ ಆಡಿಕೊಂಡು ನಗುವ ಮನುಷ್ಯ ಈಗ ನಗಲಿಲ್ಲ.

"ಒಂದು ಸಲ ಹಿಂದೆ ತಿರುಗಿ ನೋಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕೂಗಾಡಿದೆ. ತಮ್ಮ ಅಂಗೈಯಿಂದ ಸ್ಲೇಟು ಒರೆಸಿ 'ಬಿಡು ಅಕ್ಕ' ಎಂದು ಬರೆದ. ನನಗೆ ಅಳು ತಡೆಯಲಾಗಲಿಲ್ಲ.

ಊಟವಾದ ಮೇಲೆ ಗುಬ್ಬಿ ರಿಮೋಟು ಹಿಡಿದು ಹುಡುಕಿದಳು. ಟಿವಿಯಲ್ಲಿ ಅಪ್ಪ ಸಿಗಲಿಲ್ಲ.

"ಮಾವ, ತೆಗೆದುಕೊಡಿ."

ಇವರು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು. ಅವಳು ರಿಮೋಟು ಕೆಳಗಿಟ್ಟು ಅಪ್ಪನ ತೊಡೆಯೇರಿದಳು. ಮುಖದಲ್ಲಿ ಒಂದು ಚೂರೂ ಬೇಸರವಿಲ್ಲ.

"ಈಗ ನೀನು ಟಿವಿಯಲ್ಲಿ ಮಾತಾಡ್ತಿಲ್ವಲ್ಲ ಅಪ್ಪ? ಹಾಗಾದ್ರೆ ಇಲ್ಲೇ ಹೇಳು."

ತಮ್ಮ ಬಾಯಿ ತೆರೆದ. ಗುಬ್ಬಿ ಅವನ ಬಾಯಿಗೆ ಕಿವಿಯಿಟ್ಟು ಕಾದಳು.