ಎರಡು ಮೊಳದ ಕಟ್ಟೆ

ಬೇವಿನ ನೆರಳು ಸರಿದು ಬಲಗಾಲಿನ ಮೇಲೆ ಬಿಸಿಲು ಬಿದ್ದಿದೆ, ಕಾಲು ಎಳೆದುಕೊಳ್ಳಬೇಕು, ಎಳೆದುಕೊಂಡರೆ ನೋಡುವವರು ಏನೋ ಅಂದುಕೊಂಡಾರು, ಚುನಾವಣೆಗೆ ನಿಂತವನು ಕಾಲು ಸುಟ್ಟರೂ ಗಟ್ಟಿಯಾಗಿ ಕೂಡಬೇಕೇನೋ — ನಿಜಗುಣಪ್ಪ ಕಾಲು ಎಳೆದುಕೊಂಡೇ ಬಿಟ್ಟ. ಚಾವಡಿಯ ಒಳಗಿಂದ ಕಾರಕೂನನ ದನಿ ಬರುತ್ತಿದೆ, ಯಾರಿಗೆ ಹಾಕ್ತೀ, ಗಟ್ಟ್ಯಾಗಿ ಹೇಳೋ, ಅವನದು ಊರಿಗೆಲ್ಲ ಕೇಳುತ್ತದೆ, ಒಳಗೆ ಹೋದವನು ಹೇಳುವ ಹೆಸರು ಮಾತ್ರ ಇಲ್ಲಿಗೆ ಕೇಳುವುದಿಲ್ಲ, ಹೊರಗೆ ಬಂದವರೆಲ್ಲ ತನ್ನ ಕಡೆಗೂ ನಗುತ್ತಾರೆ, ಆಚೆ ತುದಿಯಲ್ಲಿ ಕುಳಿತ ವೀರಪ್ಪನ ಕಡೆಗೂ ನಗುತ್ತಾರೆ. ಸವದತ್ತಿಯ ಮುನಸಿಪಾಲ್ಟಿಯಲ್ಲಿ ಒಂದು ಜಾಗ, ಅದಕ್ಕೆ ಇಬ್ಬರು, ಅರಳೆ ವ್ಯಾಪಾರದ ವೀರಪ್ಪ ಮತ್ತು ಬಾಡಿಗೆ ಚಕ್ಕಡಿಗಳ ನಿಜಗುಣಪ್ಪ, ಒಂದೇ ಓಣಿ, ಎದುರುಬದರು ಮನೆ, ಬೆಳಿಗ್ಗೆ ಬಾಗಿಲು ತೆರೆದರೆ ಒಬ್ಬರ ಮುಖ ಒಬ್ಬರು ನೋಡಲೇಬೇಕು. ಎಂಟು ದಿನದ ಹಿಂದೆ ಇದೇ ಬೇವಿನ ಕೆಳಗೆ ತಾನು ಎದ್ದು ನಿಂತು ಮಾತಾಡಿದ್ದ, ಓಣಿಗೆ ಚಾಚಿದ ಕಟ್ಟಿ ಎಲ್ಲಾ ಹಿಂದ ಸರೀಬೇಕು, ಎರಡ ಚಕ್ಕಡಿ ಎದರಬದರ ಹಾದ ಹೋಗಬೇಕು ಅಂತ, ವೀರಪ್ಪ ಕುಳಿತಲ್ಲಿಂದಲೇ ಕೂಗಿದ್ದ, ಚಕ್ಕಡಿ ಯಾರೂವು ನಿಜಗುಣಪ್ಪಣ್ಣಾ, ನಿನ್ನೂವ ಅಲ್ಲ? ಜನ ನಕ್ಕರು. ಆ ನಗುವಿಗೆ ಮೈ ಬಿಸಿಯಾಗಿ ತಾನು ಅಂದುಬಿಟ್ಟ, ನನ್ನ ಮನೀ ಕಟ್ಟಿ ಒಂದ ಗೇಣ ಹೊರಗ ಇದ್ರೂ ಎಲ್ಲಾರಕಿಂತ ಮದ್ಲ ನಂದ ಒಡೀತೇನಿ, ಸೋಮಪ್ಪನ ಮಗಾ ಹೇಳಾಕ ಹತ್ತೇನಿ. ಸೋಮಪ್ಪನ ಮಗ ಅಂದ ಕೂಡಲೇ ನಗು ನಿಂತಿತ್ತು, ಅಪ್ಪನ ಹೆಸರಿಗೆ ಊರಲ್ಲಿ ಅಂಥ ತೂಕ, ಎರಡು ವರ್ಷ ಆಯಿತು ಅಪ್ಪ ಹೋಗಿ, ತೂಕ ಇನ್ನೂ ಹಾಗೇ ಇದೆ, ನಿನ್ನೆ ಮಧ್ಯಾಹ್ನದವರೆಗೂ ಇತ್ತು.

ನಿನ್ನೆ ಮಧ್ಯಾಹ್ನ ಒಡ್ಡರ ದುರ್ಗಪ್ಪನನ್ನು ಕರೆಸಿ ಹಗ್ಗ ಹಿಡಿದಿದ್ದು ಯಾಕೆ, ಆರಿಸಿ ಬಂದರೆ ಲೆಕ್ಕ ಕೈಯಲ್ಲಿರಲಿ ಅಂತ, ಯಾರ ಕಟ್ಟೆ ಎಷ್ಟು ಬಂದಿದೆ ಅಂತ ಒಂದೊಂದಾಗಿ, ಗುಡಿಯ ಹತ್ತಿರ ಓಣಿ ಹದಿನಾರು ಮೊಳ, ತಮ್ಮ ಮನೆಯ ಮುಂದೆ ಹದಿಮೂರು, ವೀರಪ್ಪಂದು ಎಷ್ಟ ಬಂದೈತಿ ನೋಡೋ ಅಂದರೆ ಒಂದ ಮೊಳರಿ ಅಂದ, ಇನ್ನುಳಿದ ಎರಡೆಲ್ಲಿ ಹೋದವು ಅಂದರೆ ದುರ್ಗಪ್ಪ ಹಗ್ಗ ಸುತ್ತತೊಡಗಿದ. ಅಳೀಬ್ಯಾಡ್ರಿ ಅಪ್ಪಾರ, ನಿಮ್ಮದು ಅಳೀಬ್ಯಾಡ್ರಿ. ಯಾಕೋ? ನಾನ ಕಟ್ಟಿದ್ದರಿ, ನನಗ ಗೊತ್ತಿಲ್ಲೇನ್ರಿ, ಪಿಳೇಗ ಬಂದಾಗ ಮಂದೆಲ್ಲಾ ಹೊಲದಾಗ ಜೋಪಡಿ ಹಾಕ್ಕೊಂಡ ಕುಂತಿದ್ರು, ಊರಾಗ ಒಂದ ನಾಯಿ ಇರ್ಲಿಲ್ಲ, ದೊಡ್ಡ ಅಪ್ಪಾರು, ನಿಮ್ಮ ತಂದಿಯವರು, ಕರಕೊಂಡ ಬಂದು ಇಲ್ಲೀತನ ಕಟ್ಟು ಅಂದ್ರು, ಕಟ್ಟಿದ್ನಿ. ಅಂದರೆ ಪ್ಲೇಗಿನ ವರ್ಷ, ಹನ್ನೊಂದು ವರ್ಷದ ಹಿಂದೆ. ತಾನು ಆಗ ಧಾರವಾಡದ ಸ್ಟೇಷನ್ನಿಗೆ ಅರಳೆ ಹೇರಿಕೊಂಡು ಹೋದವನು ಊರಿಗೆ ಬರಲಾಗದೆ ಮೂರು ತಿಂಗಳು ಅಲ್ಲೇ ಉಳಿದಿದ್ದ, ತಿರುಗಿ ಬಂದಾಗ ಕಟ್ಟೆ ಅಗಲವಾಗಿ ಕಂಡಿತ್ತಲ್ಲ, ಕಂಡಿತ್ತು, ನಿಜ ಹೇಳಬೇಕೆಂದರೆ ಕಂಡು ಖುಷಿಯೂ ಆಗಿತ್ತು, ಕಾಲು ಚಾಚಿ ಮಲಗಬಹುದು ಅಂತ, ಮೊಳ ಹಾಕಿ ನೋಡುವ ಮನಸ್ಸು ಮಾತ್ರ ಬರಲಿಲ್ಲ, ಊರ ಅರ್ಧ ಮನೆಗಳಲ್ಲಿ ದೀಪ ಹಚ್ಚುವವರೇ ಇಲ್ಲದ ಹೊತ್ತಿನಲ್ಲಿ ಯಾರು ಕಟ್ಟೆ ಅಳೆಯುತ್ತಾರೆ. ಅದೇ ಕಟ್ಟೆಯ ಮೇಲೆ ಕುಳಿತು ಅಪ್ಪ ಹೊಲದ ಬದುವಿನ ಜಗಳ ಬಗೆಹರಿಸುತ್ತಿದ್ದ, ಒಂದು ಗೇಣು ಒತ್ತಿ ಉತ್ತವನಿಗೆ ಛೀಮಾರಿ ಹಾಕುತ್ತಿದ್ದ, ತನ್ನ ಕುಂಡಿಯ ಕೆಳಗೆ ಊರಿನ ಎರಡು ಮೊಳ ಇಟ್ಟುಕೊಂಡು! ನಗು ಬರುತ್ತದೆ, ಅಳುವೂ ಬರುತ್ತದೆ, ಒಡೆದರೆ ಅಪ್ಪನ ಹೆಸರು ಹೋಗುತ್ತದೆ, ಒಡೆಯದಿದ್ದರೆ ತಾನಾಡಿದ ಮಾತು ಸುಳ್ಳಾಗುತ್ತದೆ, ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ, ದುರ್ಗಪ್ಪ ಹೇಳುವವನಲ್ಲ. ಊರಿನದು ಹೇಗೋ ಆದೀತು. ಅವ್ವನಿಗೆ ಹೇಗೆ ಹೇಳುವುದು? ಅಪ್ಪ ಹೋದಾಗಿನಿಂದ ಅವ್ವ ಆ ಕಟ್ಟೆ ಬಿಟ್ಟು ಏಳುವುದಿಲ್ಲ, ಬೆಳಿಗ್ಗೆ ಅಲ್ಲೇ ಜೋಳ ಹಸನು ಮಾಡುತ್ತಾಳೆ, ಸಂಜೆ ಅಲ್ಲೇ ವಿಭೂತಿ ಹಚ್ಚಿಕೊಳ್ಳುತ್ತಾಳೆ, ನಿನ್ನ ಗಂಡ ಓಣಿ ಕದ್ದಾನವ್ವಾ ಅಂತ ಹೇಳುವ ನಾಲಿಗೆ ಎಲ್ಲಿಂದ ತರುವುದು.

ಊಟದ ಹೊತ್ತು, ಕಾರಕೂನ ಎದ್ದ, ಮಾಮಲೇದಾರರು ಒಳಗೆ ಹೋದರು, ಸಂಜೆಯವರೆಗೆ ಮತ ಇದೆ, ನಿಜಗುಣಪ್ಪ ರುಮಾಲು ಸರಿಮಾಡಿಕೊಂಡು ಮನೆಯ ಕಡೆ ನಡೆದ, ಕಾಲು ತಾವೇ ದಾರಿ ಹಿಡಿದವು. ಈ ಕಂಬದ ದೀಪ ನೋಡು, ಹುಣ್ಣಿವಿ ಹತ್ತಿರ ಬಂದರೆ ಇದನ್ನು ಹಚ್ಚುವುದಿಲ್ಲ, ಪಂಚಾಂಗದಲ್ಲಿ ಬೆಳದಿಂಗಳು ಬರೆದಿದೆಯಂತೆ, ಮೇಲೆ ಮೋಡ ಕವಿದು ಕತ್ತಲಾಗಿದ್ದರೂ ಪಂಚಾಂಗ ಅಂದರೆ ಪಂಚಾಂಗ, ಎಣ್ಣೆ ಉಳಿಸುವವರಿಗೆ ತಲೆ ಎತ್ತಿ ನೋಡಲು ಬರುವುದಿಲ್ಲವೇ. ಈ ಗಟಾರ, ಮಾಮಲೇದಾರರ ಮನೆಯ ತನಕ ಕಲ್ಲು ಹಾಸಿದ್ದಾರೆ, ಅಲ್ಲಿಂದ ಮುಂದೆ ನೀರಿಗೆ ಬುದ್ಧಿ ಇದ್ದ ಕಡೆ ಹೋಗಲಿ ಅಂತ ಬಿಟ್ಟಿದ್ದಾರೆ, ಮೇಲಿನವರು ತೊಳೆದದ್ದೆಲ್ಲ ಕೆಳಗಿನ ಓಣಿಯವರ ಬಾವಿಗೆ, ಆ ಬಾವಿಗೊಂದು ಎತ್ತರದ ಕಟ್ಟೆ ಕಟ್ಟಿದರೆ ಅರ್ಧ ವಾಂತಿಭೇದಿ ನಿಂತೀತು, ಇದಕ್ಕೇನು ಸಾಲಿ ಕಲಿತಿರಬೇಕೇ, ಕಣ್ಣಿದ್ದರೆ ಸಾಕು. ಎಲ್ಲಕ್ಕಿಂತ ಮೊದಲು ಓಣಿ. ಮಲಪ್ರಭೆಯಾಚೆಯ ಅರಳೆ ಮೊದಲು ಇಲ್ಲಿಗೆ ಬರುತ್ತಿತ್ತು, ಈಗ ಬೈಲಹೊಂಗಲಕ್ಕೆ ಹೋಗುತ್ತದೆ, ಅಲ್ಲಿ ಬೆಲೆ ಹೆಚ್ಚಿಲ್ಲ, ಅಲ್ಲಿ ಚಕ್ಕಡಿ ತಿರುಗುತ್ತದೆ, ಅಷ್ಟೇ, ಇಲ್ಲಿ ಒಳಗೆ ಬಂದ ಎತ್ತು ಹಿಮ್ಮೆಟ್ಟಿ ಹೊರಗೆ ಹೋಗಬೇಕು, ಇದು ಚಕ್ಕಡಿ ಹೊಡೆದವನಿಗೆ ಗೊತ್ತು, ಕುರ್ಚಿಯಲ್ಲಿ ಕುಳಿತವನಿಗೆ ಗೊತ್ತಿಲ್ಲ. ಹೋದ ವರ್ಷ ರಾಮದುರ್ಗದಿಂದ ಬಸುರಿಯನ್ನು ಸೂಲಗಿತ್ತಿ ಮಾಯವ್ವನ ಮನೆಗೆ ಕರೆತಂದ ಚಕ್ಕಡಿ ಓಣಿಯ ನಡುವೆ ಎದುರಿನಿಂದ ಬಂದ ಚಕ್ಕಡಿಗೆ ಸಿಕ್ಕಿಬಿತ್ತಲ್ಲ, ಅತ್ತ ಹೋಗದು ಇತ್ತ ಬರದು, ಕೂಸು ಚಕ್ಕಡಿಯಲ್ಲೇ ಹುಟ್ಟಿತು, ಪುಣ್ಯಕ್ಕೆ ತಾಯಿಯೂ ಕೂಸೂ ಗಟ್ಟಿ, ಮಾಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದಳು, ಇನ್ನ ನನ್ನ ಮನೀತನಾ ಬರೂದ ಬ್ಯಾಡ್ರಿ, ಈ ಓಣ್ಯಾಗ ಚಕ್ಕಡಿ ನಿಂದರಸ್ರಿ, ಹೆರಿಗಿ ತಾನ ಆಗತೈತಿ! ಅವತ್ತು ತಾನು ವೀರಪ್ಪನ ಕಟ್ಟೆಗೆ ಬೈದದ್ದೇ ಬೈದದ್ದು. ಗಾಲಿ ಸಿಕ್ಕದ್ದು ಯಾರ ಕಟ್ಟೆಗೆ? ಅಚ್ಚು ತಾಗಿ ಮುರಿದ ಕಲ್ಲಿನ ಮೂಲೆ ಇನ್ನೂ ಇದೆ, ತನ್ನ ಮನೆಯ ಮುಂದೆಯೇ ಇದೆ, ದಿನಾ ಅದರ ಪಕ್ಕದಲ್ಲಿ ಚಪ್ಪಲಿ ಬಿಡುತ್ತಾನೆ.

ಅವ್ವ ಕುಳಿತಿದ್ದಾಳೆ, ಮೊರದಲ್ಲಿ ಜೋಳ, ಬೆರಳು ಕಲ್ಲು ಹುಡುಕುತ್ತಿವೆ, ಊರಿಗೆಲ್ಲ ಬಾಯವ್ವ ಆದ ಅವ್ವನಿಗೆ ಕಣ್ಣು ಮಂಜಾಗಿ ನಾಲ್ಕು ವರ್ಷ, ಬೆರಳಿನ ಕಣ್ಣು ಇನ್ನೂ ಚುರುಕು. ಹೇಳಬೇಕು, ಈಗಲೇ ಹೇಳಬೇಕು, ಉಂಡ ಮೇಲೆ ಹೇಳಿದರಾಯಿತು, ಉಂಡ ಮೇಲೆ ಬಾಯಿ ಬಾರದು — ಯವ್ವಾ, ಈ ಕಟ್ಟಿ ಐತಲ್ಲಾ ಅಂದ, ಅವ್ವ ಮೊರದಿಂದ ಕೈ ತೆಗೆಯದೆ ಅಂದಳು, ಎರಡ ಮೊಳ. ಎರಡ ಮೊಳ ಮುಂದ ಐತಿ, ಅದನ್ನ ಹೇಳಾಕ ಬಂದಿ ಹೌದಿಲ್ಲೋ, ನೀ ಚಾವಡ್ಯಾಗ ದೊಡ್ಡ ಮಾತ ಆಡಿದ್ದ ದಿನಾನ ನನಗ ಗೊತ್ತಾತು, ಒಂದ ದಿನ ಇದನ್ನ ಅಳೀತಾನ ಅಂತ, ಇವತ್ತ ಬಾಯಿ ಬಿಡತಾನ ನಾಳೆ ಬಿಡತಾನ ಅಂತ ಎಂಟ ದಿನಾ ಕಾದೇನಿ. ನಿನಗ ಮೊದಲ ಗೊತ್ತಿತ್ತೇನಬೇ? ಗೊತ್ತಿಲ್ಲದ ಏನ, ಜೋಪಡ್ಯಾಗ ಇದರ ಸಲುವಾಗಿ ನಿಮ್ಮಪ್ಪನ ಜೋಡಿ ಜಗಳಾ ಮಾಡಿ ಎರಡ ದಿನ ರೊಟ್ಟಿ ಬಡೀಲಿಲ್ಲ ನಾ, ವೀರಪ್ಪನ ಅಪ್ಪ ಒಂದ ಮೊಳ ಬಂದಾನ, ನಾ ಎರಡ ಬರತೇನಿ ಅಂದಾ, ಸಣ್ಣ ಹುಡುಗರಂಗ, ಆಮ್ಯಾಲ ಆತಗೂ ನಾಚಿಕಿ ಬಂತು, ಒಡೀಬೇಕ ಬಾಯವ್ವಾ ಅಂತಿದ್ದಾ, ಮಂದಿ ಯಾಕ ಅಂತ ಕೇಳ್ತಾರಲ್ಲಾ ಅಂತ ಬಿಡತಿದ್ದಾ, ಹಂಗಽ ಸತ್ತಾ. ಈ ಕಲ್ಲಿನ ಮ್ಯಾಲ ಒಂದ ದಿನ ನೆಟ್ಟಗ ಕುಂತಿಲ್ಲೋ ನಾ, ಹಿಂದ ನಮ್ಮ ಹಳೇ ಕಟ್ಟಿ ಮ್ಯಾಲಽ ಕುಂತೇನಿ, ನೋಡು. ನೋಡಿದ, ಹೌದು, ಅವ್ವ ಗೋಡೆಗೆ ಒರಗಿ ಒತ್ತಿಕೊಂಡು ಕುಳಿತಿದ್ದಾಳೆ, ಮುಂದಿನ ಎರಡು ಮೊಳ ಖಾಲಿ, ಎರಡು ವರ್ಷ ಬೆನ್ನು ನೋವಿಗೆ ಅಂದುಕೊಂಡಿದ್ದನಲ್ಲ — ನಿನ್ನೆಯಿಂದ ಎದೆಯ ಮೇಲೆ ಕುಳಿತದ್ದು ಎದ್ದು ಹೋಯಿತು, ಹೊಟ್ಟೆಯಿಂದ ನಗು ಬಂತು, ಹಸಿವೂ ಬಂತು, ಅಪ್ಪನಿಗೂ ನಾಚಿಕೆ ಬಂದಿತ್ತಂತೆ, ಅಷ್ಟು ಸಾಕು, ಅದಕ್ಕಿಂತ ದೊಡ್ಡ ಹೆಸರು ಅಪ್ಪನಿಗೆ ಬೇಕಾಗಿಲ್ಲ. ಓಟ ಹಾಕೂದ ಮುಗೀಲಿಬೇ, ಸಂಜೀಕ ಒಡೀತೇನಿ. ಸಂಜೀಕ ಒಡದ್ರ ಗೆದ್ದ ಸೊಕ್ಕಿಗೆ ಒಡದಾ ಅಂತಾರ, ಇಲ್ಲಾ ಸೋತ ಸಿಟ್ಟಿಗೆ ಒಡದಾ ಅಂತಾರ, ಯಾವದೂ ಗೊತ್ತಿಲ್ಲದಾಗ ಒಡಿ, ಏಳ್ತೇನಿ, ಕೈ ಹಿಡಿ. ಎಷ್ಟು ಹಗುರ ಅವ್ವನ ಕೈ.

ದುರ್ಗಪ್ಪ ಹಾರೆ ತಂದ, ಮೊದಲ ಕಲ್ಲಿನ ಸಂದಿಗೆ ಅದನ್ನು ಹಾಕಿದವನು ನಿಜಗುಣಪ್ಪ, ರುಮಾಲು ತೆಗೆದಿಟ್ಟು, ಅಂಗಿ ಬೆವರಿಗೆ ಬೆನ್ನಿಗೆ ಅಂಟಿತು, ಕಲ್ಲು ಅಲುಗಲಿಲ್ಲ, ದುರ್ಗಪ್ಪನೂ ಕೈ ಹಚ್ಚಿದ, ಕಟ್ಟಿದ ನಿನಗೇ ಎಬ್ಬಸಾಕ ಬರವಲ್ದೇನೋ ದುರ್ಗಪ್ಪಾ? ದೊಡ್ಡ ಅಪ್ಪಾರು ಗಟ್ಟ್ಯಾಗಿ ಕಟ್ಟು ಅಂದಿದ್ರಲ್ರಿ, ಏನ ಮಾಡ್ಲಿ! ಓಣಿಯ ಬಾಗಿಲುಗಳೆಲ್ಲ ತೆರೆದವು, ಊಟಕ್ಕೆ ಬಂದ ವೀರಪ್ಪ ತನ್ನ ಮನೆಯ ಮೆಟ್ಟಿಲ ಮೇಲೆ ನಿಂತ, ಏನ ಬಾಯವ್ವಾರ, ಮಗಗ ಹುಚ್ಚ ಹಿಡೀತೇನ್ರಿ, ಅವ್ವ ಓಣಿಯ ನಡುವೆ ನಿಂತು ಅಂದಳು, ಇವನ ಅಪ್ಪ ಎರಡ ಮೊಳ ತಮ್ಮಾ, ನಿಮ್ಮಪ್ಪ ಒಂದ, ನಿನ್ನ ಕೆಲಸಾ ಹಗರ ಐತಿ, ಉಂಡು, ನೀನೂ ಒಂದ ಹಾರಿ ಹುಡಕು. ಯಾರೋ ಗಹಗಹಿಸಿದರು, ವೀರಪ್ಪ ತನ್ನ ಕಟ್ಟೆಯ ಅಂಚನ್ನೇ ನೋಡುತ್ತ ನಿಂತ, ಹಾಸುಗಲ್ಲು ಎದ್ದು ಮಗುಚಿತು, ಕೆಳಗೆ ಒಡಕುಗಲ್ಲು, ಅದರ ಕೆಳಗೆ ಮೊರಮು ಮಣ್ಣು, ದುರ್ಗಪ್ಪ ಬುಟ್ಟಿಯಲ್ಲಿ ಎತ್ತಿ ಹಾಕುತ್ತಿದ್ದಾನೆ, ಮೊರಮಿನ ಕೆಳಗೆ ಕರಿ ನೆಲ, ನೆಲದಲ್ಲಿ ಉದ್ದಕ್ಕೆ ಒಂದು ತಗ್ಗು, ಏನಿದು, ನಿಜಗುಣಪ್ಪ ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ಕೆದರಿದ, ಗಾಲಿಯ ಜಾಡು. ಚಕ್ಕಡಿಯ ಜಾಡು, ಹಸಿ ಮಣ್ಣಿನಲ್ಲಿ ಬಿದ್ದು ಹಾಗೇ ಒಣಗಿದ್ದು, ಅಂಚು ಇನ್ನೂ ಚೂಪಾಗಿದೆ, ಪಕ್ಕದಲ್ಲಿ ಎತ್ತಿನ ಗೊರಸು ಕೂಡ ಇದೆ, ಊರು ಬಿಟ್ಟು ಹೊಲಕ್ಕೆ ಹೋದ ಕೊನೆಯ ಚಕ್ಕಡಿಯದೇ ಇರಬೇಕು, ಹಾಸಿಗೆ ಹೇರಿ, ಬೀಸುಕಲ್ಲು ಹೇರಿ, ಮೇಲೆ ಅವ್ವ ಕುಳಿತು. ಚಾವಡಿಯ ಕಡೆಯಿಂದ ಯಾರೋ ಓಡಿ ಬಂದರು, ನಿಜಗುಣಪ್ಪಾರ, ಬರ್ರಿ, ಮಂದಿ ಮತ್ತ ಸಾಲಾಗಿ ನಿಂತಾರ, ನಿಮ್ಮ ಹೆಸರ ಹೇಳಾಕ ಹತ್ತ್ಯಾರ, ಬರ್ರಿ — ಹೇಳಲಿ, ಯಾರ ಹೆಸರಾದರೂ ಹೇಳಲಿ, ಬರತೇನಿ ಅಂದನೋ ಇಲ್ಲವೋ, ಬೆರಳು ಜಾಡಿನ ಗುಂಟ ಹೋಗುತ್ತಿದೆ, ಇಲ್ಲಿಗೆ ಕಟ್ಟೆ ಮುಗಿಯಿತು, ಜಾಡು ಮುಗಿದಿಲ್ಲ, ಓಣಿಯ ಧೂಳಿನ ಕೆಳಗೆ ಇನ್ನೂ ಹೋಗುತ್ತದೆ, ಗಾಲಿಯ ಜಾಡು, ಅಂಚು ಚೂಪಾದ ಜಾಡು, ಇಷ್ಟು ಅಗಲ ಇತ್ತು ಓಣಿ, ಎರಡು ಚಕ್ಕಡಿ ಹಾಯುವಷ್ಟು, ಬೆರಳು ನಿಂತಿತು, ಜಾಡು ಮುಂದೆ —