ಕುದುರೆಯ ಮೈಮೇಲಿನ ಪದ್ಮ

ಪಾಪಿನಾಯಕನಹಳ್ಳಿಯ ಉಚ್ಚೆಂಗಮ್ಮ ಒಂದು ಸಂಜೆ ಕಾಲುವೆಯಲ್ಲಿ ಕುದುರೆಯ ಮೈ ತೊಳೆಯುತ್ತಿದ್ದಾಗ ಅದರ ಒದ್ದೆ ಮೈಮೇಲೆ ಸುಮ್ಮನೆ ಬೆರಳೆಳೆದಳು. ಕೆಂಚು ಕೂದಲು ಅಡ್ಡ ಮಲಗಿ ಕಪ್ಪಗೆ ಒಂದು ಗೆರೆ ಮೂಡಿತು. ಈಚೆ ಬಂದು ನೋಡಿದರೆ ಅದೇ ಗೆರೆ ಬಂಗಾರದಂತೆ ಹೊಳೆಯಿತು.

ಅಂದಿನಿಂದ ಅವಳಿಗೆ ಅದೇ ಗುಂಗು. ಹಳೆಯ ಹಣಿಗೆಯನ್ನು ಎರಡು ಬೆರಳಗಲಕ್ಕೆ ಮುರಿದುಕೊಂಡಳು. ಕೂದಲನ್ನು ಮೊದಲು ನುಣ್ಣಗೆ ಬಾಚಿ, ಆಮೇಲೆ ಅಲ್ಲಲ್ಲಿ ಅಡ್ಡ ಎಳೆದಳು, ಚೌಕ ಬಂತು. ಓರೆ ಎಳೆದಳು, ಎಸಳು ಬಂತು. ಒಣಗಿದರೆ ಮಾತ್ರ ಎಲ್ಲ ಮಾಯ. ಬೆಲ್ಲದ ನೀರು ಸವರಿದಾಗ ನೊಣ ಮುತ್ತಿ ಕುದುರೆ ಒದ್ದಾಡಿತು. ಕೊನೆಗೆ ಅನ್ನ ಬಸಿದ ತಿಳಿ ಗೆರೆಗಳನ್ನು ಹಿಡಿದು ನಿಲ್ಲಿಸಿತು.

ಅವಳ ಗಂಡ ಗಾಳೆಪ್ಪ ಹೊಸಪೇಟೆ ಸ್ಟೇಷನ್ನಿನಿಂದ ಹಂಪಿಗೆ ಜಟಕಾ ಹೊಡೆಯುತ್ತಿದ್ದ. ಆ ವರ್ಷ ಸ್ಟೇಷನ್ ಮುಂದೆ ಆಟೋಗಳು ಸಾಲುಗಟ್ಟಿದ್ದವು. ಅವನಿಗೂ ಆಟೋದ ಮೇಲೆ ಮನಸ್ಸು.

“ಕುದ್ರೀನ ಕಂಪ್ಲಿ ಪಕೀರಪ್ಪಗ ಕೊಡ್ತೀನಿ. ಅವಂದಿನ್ನೂ ಜಟಕಾ ಓಡ್ತೈತಿ,” ಅಂದ.

“ದನದ ಪ್ರದರ್ಶನದಾಗ ಕುದ್ರಿಗೂ ಬಹುಮಾನ ಐತಂತ. ಗೆದ್ರ?”

“ಗೆದ್ರ ನಿನ್ನ ಕುದ್ರಿ ನಿನ್ನ ಮನ್ಯಾಗ. ಇಲ್ಲಾಂದ್ರ ಅಲ್ಲಿಂದ್ಲೇ ಪಕೀರಪ್ಪ ಹಗ್ಗ ಹಿಡೀತಾನ. ಆಮ್ಯಾಲ ಅಳಬ್ಯಾಡ ಮತ್ತ.”

ಪ್ರದರ್ಶನದ ದಿನ ಅವಳು ಚೌಕ ಬಿಟ್ಟು, ಶುಕ್ರವಾರ ಹೊಸ್ತಿಲ ಮುಂದೆ ರಂಗೋಲಿಯಲ್ಲಿ ಇಡುವ ಎಂಟೆಸಳಿನ ಪದ್ಮವನ್ನೇ ಕುದುರೆಯ ಹಿಂಬದಿಯಲ್ಲಿ ಬಾಚಿದಳು. ಕೈಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ. ಕುದುರೆ ಕದಲಿದಾಗಲೆಲ್ಲ ಎಸಳುಗಳು ಒಮ್ಮೆ ಕಪ್ಪಾಗಿ, ಒಮ್ಮೆ ಬೆಳಗಿ ಅರಳಿದಂತೆ ಕಂಡವು. ಗಾಳೆಪ್ಪ ಓರೆಗಣ್ಣಲ್ಲಿ ನೋಡಿದ.

ಹೊಸಪೇಟೆಯ ಮೈದಾನದಲ್ಲಿ ಮೊದಲು ಬಂದವಳು ಹೊನ್ನೂರಮ್ಮ ಎಂಬ ಮುದುಕಿ. ಪದ್ಮ ಕಂಡದ್ದೇ ಕೈ ಮುಗಿದಳು.

“ಯವ್ವಾ, ಇದು ಮೈಲಾರಲಿಂಗನ ಕುದ್ರಿ ಏನಬೇ?”

ಅಲ್ಲ ಎನ್ನಬೇಕಿತ್ತು. ಮುಗಿದ ಕೈ ಕಂಡು ಉಚ್ಚೆಂಗಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮುದುಕಿ ಪದ್ಮ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸೊಂಟದ ಚೀಲದಿಂದ ಮೈಲಾರಲಿಂಗನ ಭಂಡಾರ ತೆಗೆದು, ಆ ಅರಿಸಿನ ಪುಡಿಯನ್ನು ಪದ್ಮದ ನಡುವೆ ಹಚ್ಚಿದಳು. ಅದನ್ನು ಕಂಡು ಇನ್ನೊಬ್ಬರು, ಮತ್ತೊಬ್ಬರು. ಎಸಳು ಎಸಳಾಗಿ ಪದ್ಮ ಜನರ ಅಂಗೈಗೆ ಹೋಯಿತು. ಉಚ್ಚೆಂಗಮ್ಮ ಹಣಿಗೆಯನ್ನು ಸೆರಗಿನಲ್ಲಿ ಬಿಗಿಹಿಡಿದು ನಿಂತೇ ಇದ್ದಳು. ದೇವರ ಹೆಸರಿನಲ್ಲಿ ಚಾಚಿದ ಕೈಯನ್ನು ತಡೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಬಹುಮಾನ ಕೊಡುವ ಸಾಹೇಬರು ಬಂದಾಗ ಅಲ್ಲಿದ್ದದ್ದು ಕೆದರಿದ ಕೂದಲು, ಹಳದಿ ಪುಡಿ.

“ಬಣ್ಣ ಹಚ್ಚಿದ ಪ್ರಾಣೀನ ತಗೊಳ್ಳೋದಿಲ್ಲಮ್ಮ,” ಎಂದು ಮುಂದೆ ನಡೆದರು.

ಅವಳು ಕುದುರೆಯ ಕತ್ತಿಗೆ ಕೆನ್ನೆ ಹಚ್ಚಿದಳು. ಪಕೀರಪ್ಪ ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ. ಹತ್ತಿರ ಬಂದವನು ಭಂಡಾರ ನೋಡಿ ನಿಂತ. ಚಪ್ಪಲಿ ಬಿಟ್ಟ.

“ಏನಪ್ಪಾ ಗಾಳೆಪ್ಪ, ಮಂದಿ ಕೈ ಮುಗಿಯೋ ಕುದ್ರೀನ ನನ್ನ ಗಾಡಿಗೆ ಕಟ್ಟಾಕ ಬಂದಿಯೇನು?”

“ಲೇ, ನಮ್ಮಾಕಿ ಹಣಿಗಿಲೆ ಬಾಚಿದ್ದಲೇ ಅದು! ದೇವ್ರೂ ಇಲ್ಲ, ದಿಂಡ್ರೂ ಇಲ್ಲ.”

“ಹಣಿಗಿ ಯಾರದರ ಇರ್ಲಿ. ಭಂಡಾರ ಯಾರದು? ನನ್ನ ಚಾಟಿ ಬೀಳೋದೂ ಅದs ಜಾಗಕ್ಕ. ಬ್ಯಾಡಪ್ಪ, ನಾ ಮಕ್ಕಳು ಮರಿ ಇದ್ದಾಂವ.” ಭಂಡಾರಕ್ಕೆ ಬೆರಳು ತಾಗಿಸಿ ಹಣೆಗಿಟ್ಟುಕೊಂಡು ಹಗ್ಗದ ಸಮೇತ ಹೊರಟುಬಿಟ್ಟ.

“ಊರಾಗ ಇದನ್ನ ಹೇಳದs ಬಿಡೋದಿಲ್ಲ ಇಂವ. ಇನ್ಯಾರು ಒಯ್ತಾರ ಇದನ್ನ?” ಗಾಳೆಪ್ಪ ಗೊಣಗುತ್ತ ಜಟಕಾ ಕಟ್ಟಿದ.

ಕಾಲುವೆಯ ಏರಿಯ ಮೇಲೆ ಕುದುರೆ ನಿಧಾನಿಸಿತು. ಗಾಳೆಪ್ಪ ರೂಢಿಯಂತೆ ಚಾಟಿ ಎತ್ತಿದ. ಕಣ್ಣು ಹಳದಿಯ ಮೇಲೆ ಬಿತ್ತು. ಚಾಟಿಯನ್ನು ಕಾಲಬುಡಕ್ಕಿಟ್ಟು ನಾಲಿಗೆಯಿಂದ ಲೊಚಗುಟ್ಟಿದ. ಕುದುರೆ ಕಿವಿ ನಿಮಿರಿಸಿ ಓಡತೊಡಗಿತು.

“ಅಷ್ಟಕ್ಕs ಓಡ್ತೈತೇನಿದು!” ಅಂದ. ಸ್ವಲ್ಪ ದೂರ ಹೋದ ಮೇಲೆ, ಹಿಂದೆ ತಿರುಗದೆ ಕೇಳಿದ: “ಅಲ್ಲಾ, ಕೂದ್ಲು ಒಂದs, ಎರಡು ಬಣ್ಣ ಹೆಂಗ ಕಾಣ್ತಾವ?”

ಉಚ್ಚೆಂಗಮ್ಮ ಸೆರಗಿನಿಂದ ಹಣಿಗೆ ತೆಗೆದಳು.

“ಗಾಡಿ ನಿಂದರಸ್ರಿ, ತೋರಸ್ತೀನಿ. ಮೊದಲು ನೀರು ತರ್ರಿ.”