ಮಲ್ಲಿಗಮ್ಮನ ಮನೆಬಸ್ಸು

ಮೈಸೂರಿನ ಡಾಕ್ಟರು ಮಲ್ಲಿಗಮ್ಮನ ಹೊಟ್ಟೆ ಒತ್ತಿ ನೋಡಿ, ಕೈ ತೊಳೆದುಕೊಂಡು, "ಊರಿಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ" ಎಂದರು. ಮಗ ದೇವರಾಜುವಿಗಾಗಲಿ ಸೊಸೆ ಅನಸೂಯಳಿಗಾಗಲಿ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಲ್ಲಿಗಮ್ಮನಿಗಂತೂ ಅವರಿಗಿಂತ ಮೊದಲೇ ಗೊತ್ತಿತ್ತು.

"ಚನ್ನರಾಯಪಟ್ಣದಾಗೆ ನನ್ ತಂಗೀನ ನೋಡ್ಬೇಕು," ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಹೇಳಿದಳು. "ನರಸೀಪುರದ ಹೊಳೇಲಿ ಕಾಲಿಕ್ಬೇಕು. ಅರಕಲಗೂಡಿನತ್ರ ನಮ್ಮಪ್ಪನ ಮನೆ ಐತಲ್ಲ, ಅದರ ಬಾಗ್ಲಲ್ಲಿ ಒಂದ್ಗಳಿಗೆ ಕುಂತ್ಕಬೇಕು." ಸ್ವಲ್ಪ ಸುಧಾರಿಸಿಕೊಂಡು ಸೊಸೆಯ ಕೈ ಹಿಡಿದಳು. "ಆದ್ರೆ ಪ್ರಾಣ ಮಾತ್ರ ಮನೇಲೇ ಓಗ್ಬೇಕು ಕಣವ್ವ."

ಆ ಮಾತಿಗೆ ಕಾರಣವಿತ್ತು. ಕಟ್ಟಾಯದ ಹತ್ತಿರದ ಅವರ ಹಳ್ಳಿಯಲ್ಲಿ, ಊರಾಚೆ ಸತ್ತವರನ್ನು ಊರೊಳಕ್ಕೆ ತರುವಂತಿರಲಿಲ್ಲ. ಮಲ್ಲಿಗಮ್ಮನ ಗಂಡ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಗಾಡಿ ಊರಬಾಗಿಲ ಆಚೆಯೇ ನಿಂತಿತ್ತು. ಅಲ್ಲಿಂದ ಸೀದಾ ಹೊಲಕ್ಕೆ. ಸ್ವಂತ ಕೈಯಿಂದ ಕಟ್ಟಿಸಿದ ಮನೆಯ ಹೊಸಿಲನ್ನು ಅವನು ಮತ್ತೆ ದಾಟಲಿಲ್ಲ. ಮಲ್ಲಿಗಮ್ಮ ಬರಿಗಾಲಿನಲ್ಲಿ ಓಡಿಹೋಗಿ, ಎತ್ತುಗಳ ಕಾಲಡಿಯ ಧೂಳಿನಲ್ಲಿ ನಿಂತು ಗಂಡನ ಮುಖ ನೋಡಿ ಬಂದವಳು. ಆಮೇಲೆ ಈ ಕಾಯಿಲೆ ಬರುವವರೆಗೆ ಅವಳು ಒಂದು ರಾತ್ರಿಯೂ ಬೇರೆ ಊರಿನಲ್ಲಿ ಮಲಗಿರಲಿಲ್ಲ. ತಂಗಿ ಬಾ ಬಾ ಎಂದು ಹೇಳಿಕಳಿಸಿದರೂ ಹೋಗಿರಲಿಲ್ಲ.

"ಕರ್ಕೊಂಡು ಬರ್ತೀನಿ ಅತ್ತೆ," ಎಂದಳು ಅನಸೂಯ. ಸುಲಭವಾಗಿ ಮಾತು ಕೊಡುವವಳಲ್ಲ ಅವಳು. ಬಿ.ಎ. ಓದಿದವಳು, ಹಾಲಿಗೆ ಹೆಪ್ಪು ಹಾಕಿದ ಮೇಲೂ ಎದ್ದು ಹೋಗಿ ಮುಚ್ಚಳ ಸರಿಯಾಗಿದೆಯೇ ಎಂದು ನೋಡುವವಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು, ನೋಡದ್ದನ್ನು ನೋಡಿಲ್ಲ ಎನ್ನುತ್ತಿದ್ದಳು. ಗಂಡನ ಮನೆಯಲ್ಲಿ ಅವಳಿಗೆ ಇದ್ದ ಹೆಸರು ಅದೊಂದೇ.

ಹೋಗುವುದು ಹೇಗೆ ಎಂಬುದಕ್ಕೆ ದೇವರಾಜುವಿನ ಹತ್ತಿರ ಉತ್ತರ ಸಿದ್ಧವಿತ್ತು. ಹಾಸನದಲ್ಲಿ ಅವನು ಸ್ವಂತದ ಮೂರು ನಾಲ್ಕು ಬಸ್ಸು ಇಟ್ಟುಕೊಂಡು ತಾನೂ ಓಡಿಸುತ್ತಿದ್ದ. ಅವುಗಳಲ್ಲಿ ಹಳೆಯದೊಂದು ಪ್ರಯಾಣಿಕರಿಗೆ ಲಾಯಕ್ಕಿಲ್ಲವೆಂದು ಷೆಡ್ಡಿನಲ್ಲಿ ನಿಂತಿತ್ತು. ಹಿಂದಿನ ವರ್ಷ ಬೇಲೂರು ನೋಡಲು ಬಂದಿದ್ದ ಬಿಳಿಯ ಗಂಡ ಹೆಂಡತಿಯ ವ್ಯಾನಿನ ಸ್ಪ್ರಿಂಗ್ ಪಟ್ಟಿ ಮುರಿದು, ಅದನ್ನು ಸರಿಮಾಡಿಕೊಡುವಾಗ ಅವನು ಒಳಗೆ ಇಣುಕಿ ನೋಡಿದ್ದ. ಹಾಸಿಗೆ, ಒಲೆ, ಕಪಾಟು ಎಲ್ಲ ಅದರೊಳಗೇ. "ಯಾರ ಮನೆ ಬಾಗ್ಲನ್ನೂ ತಟ್ಟಂಗಿಲ್ಲ ಕಣೆ ಅವ್ರು. ಎಲ್ಲಿ ನಿಲ್ಸುದ್ರೆ ಅದೇ ಅವರ ಮನೆ," ಎಂದು ಎಷ್ಟೋ ದಿನ ಅದನ್ನೇ ಹೇಳಿಕೊಂಡು ತಿರುಗಿದ್ದ. ಈಗ ಅವ್ವನಿಗೆ ಬಸ್ಸಿನ ಸೀಟಿನಲ್ಲಿ ಕೂರಲಾಗದು, ಹೋಟೆಲಿನದು ಏನೂ ಒಗ್ಗದು, ನೆಂಟರ ಮನೆಯಲ್ಲಿ ಹೊತ್ತು ಹೊತ್ತಿಗೂ ಬೋಗುಣಿ ಕೇಳಲು ನಾಚಿಕೆ. ಅವನು ಸೀಟುಗಳನ್ನೆಲ್ಲ ಕಿತ್ತು ಹಾಕಿಸಿದ.

ಅನಸೂಯ ಮೊದಲು ತಾನೇ ಮಲಗಿ ನೋಡಿದಳು. ಹಿಂದಿನ ಚಕ್ರಗಳ ಮೇಲೆ ಹಾಸಿಗೆ ಹಾಕಿದರೆ ಮೈಯನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಮಂಚವನ್ನು ಬಸ್ಸಿನ ನಡುಮಧ್ಯಕ್ಕೆ ತರಿಸಿ, ಕೆಳಗೆ ಹುಲ್ಲು, ಮೇಲೆ ಹತ್ತಿಯ ಹಾಸಿಗೆ ಹಾಕಿಸಿದಳು. ಕುರ್ಚಿಯೊಂದರ ನಡುವೆ ತೂತು ಕೊರೆಸಿ, ಕೆಳಗೆ ಬೋಗುಣಿ ಇಟ್ಟು, ಸುತ್ತ ಪರದೆ ಕಟ್ಟಿದಳು. ಮೂಲೆಗೆ ತಗಡು ಹೊಡೆಸಿ ಸೀಮೆಎಣ್ಣೆ ಸ್ಟೌವ್ ಇಟ್ಟಳು. ಬಸ್ಸು ನಿಂತ ಮೇಲೆಯೇ ಅದನ್ನು ಹಚ್ಚುವುದು ಎಂದು ಗಂಡನಿಂದ ಮಾತು ತೆಗೆದುಕೊಂಡಳು. ಪಾತ್ರೆಗಳ ನಡುವೆ ಬಟ್ಟೆ ತುರುಕಿದಳು. ಕಂಡಕ್ಟರು ಎಳೆಯುವ ಗಂಟೆಯ ಹಗ್ಗವನ್ನು ಮಾತ್ರ ಕಿತ್ತಿರಲಿಲ್ಲ. ಒಂದು ಸಲ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ನಡೆ. ಡ್ರೈವರನ ಬೆನ್ನ ಹಿಂದೆ ಸಣ್ಣ ಕಿಂಡಿಯೊಂದನ್ನು ಬಿಟ್ಟರೆ ಪೂರಾ ಹಲಗೆ ಇದ್ದುದರಿಂದ ಅದು ಬೇಕೇ ಬೇಕಿತ್ತು.

ಸುಗ್ಗಿ ಮುಗಿದ ಬಿಸಿಲಲ್ಲಿ ಹೊರಟರು. ಮಲ್ಲಿಗಮ್ಮ ಒರಗಿಕೊಂಡು ಕಿಟಕಿಯಿಂದ ಹೊಲಗಳನ್ನು ನೋಡುತ್ತಿದ್ದಳು.

"ನಮ್ಮೂರ್ನೋರು ನೋಡ್ಬೇಕಿತ್ತು ನನ್ನ. ಮಲೀಕ್ಕಂಡೇ ಸವಾರಿ ಓಗ್ತಾವ್ಳೆ ಅಂತ ಹೊಟ್ಟೆ ಉರ್ಕಂಡೇ ಸಾಯೋರು."

"ಮಾತು ಕಡಿಮೆ ಮಾಡಿ ಅತ್ತೆ, ಆಯಾಸ ಆಗುತ್ತೆ."

"ಇನ್ಯಾವಾಗ್ಗೆ ಉಳ್ಸಿಕ್ಕಲಿ ಮಾತ್ನ?"

ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತದ್ದೇ ತಡ, ತಂಗಿ ಹತ್ತಿ ಬಂದು ಮಂಚದ ಮೇಲೆ ಕುಳಿತಳು. ಪರದೆ ಸರಿಸಿ ಕುರ್ಚಿ ನೋಡಿದಳು, ಸ್ಟೌವ್ ನೋಡಿದಳು. "ಅಕ್ಕಯ್ಯ, ಮನೇನೇ ತಂದು ನಮ್ಮನೆ ಮುಂದಿಕ್ಕಿದ್ದೀಯಲ್ಲ, ಇದ್ರ ಕಂದಾಯ ಯಾರ್ ಕಟ್ಟೋರು?" ಎಂದು ನಕ್ಕಳು. ನಗುತ್ತಲೇ ಅಕ್ಕನ ತೋಳು ಸವರಿ, ಮೂಳೆ ಸಿಕ್ಕಿದ್ದೇ ಅವಳ ಪಕ್ಕದಲ್ಲಿ ಒರಗಿದಳು. ಇಬ್ಬರೂ ಸಂಜೆಯವರೆಗೆ ಅಲ್ಲಿಯೇ ಮಲಗಿ ಸತ್ತವರ, ಬದುಕಿದವರ ಸುದ್ದಿಯೆಲ್ಲ ಆಡಿಕೊಂಡರು.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಅನಸೂಯ ಬೇಗ ಕಲಿತಳು. ತೆಂಗಿನ ಮರದ ಕೆಳಗೆ ಕೂಡದು, ಕಾಯಿ ಬಿದ್ದರೆ ತಗಡು ಹೋಗುತ್ತದೆ. ಬಾವಿ ಹತ್ತಿರವಿರಬೇಕು. ಚಕ್ರಕ್ಕೆ ಕಲ್ಲು ಕೊಡಬೇಕು. ತಲೆಯ ಕಡೆ ಸ್ವಲ್ಪ ಎತ್ತರವಿರುವಂತೆ ನಿಲ್ಲಿಸಿದರೆ ಅತ್ತೆಗೆ ಉಸಿರು ಸಲೀಸು. ಈ ಸುಖವನ್ನು ಯಾವ ಆಸ್ಪತ್ರೆಯೂ ಕೊಟ್ಟಿರಲಿಲ್ಲ: ನೋವು ಬಂದರೆ ನಿಲ್ಲಬಹುದು, ಗಂಜಿ ಬೇಕೆಂದರೆ ಅಲ್ಲೇ ಕಾಯಿಸಬಹುದು, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅತ್ತೆ ತಿಂಗಳುಗಳಿಂದ ಇಷ್ಟು ಗೆಲುವಾಗಿದ್ದುದನ್ನು ಅವಳು ಕಂಡಿರಲಿಲ್ಲ. ಆರುವ ಮುಂಚಿನ ದೀಪದಂತೆ ಕಂಡು ಅದೇ ಅವಳಿಗೆ ಭಯ.

ಹೊಳೆನರಸೀಪುರದಲ್ಲಿ ದೇವರಾಜು ಅವ್ವನನ್ನು ಎತ್ತಿಕೊಂಡು ಹೋಗಿ ಹೇಮಾವತಿಯ ಅಂಚಿನ ಕಲ್ಲಿನ ಮೇಲೆ ಕೂರಿಸಿದ. ನೀರಿನಿಂದ ತೆಗೆದ ಪಾದಗಳನ್ನು ಒರೆಸುವಾಗ ಅನಸೂಯ ಬೆರಳು ಒತ್ತಿದ ಕಡೆ ಕುಳಿ ಹಾಗೆಯೇ ಉಳಿಯಿತು. ಬೆಳಿಗ್ಗೆ ಆ ಬಾವು ಇರಲಿಲ್ಲ. ಮತ್ತೆ ಮಂಚದ ಮೇಲೆ ಮಲಗಿಸಿ, ಅತ್ತೆಗೆ ಜೊಂಪು ಹತ್ತಿದಾಗ ಗಂಡನನ್ನು ಬಸ್ಸಿನ ಹಿಂದಕ್ಕೆ ಕರೆದಳು.

"ಇಲ್ಲಿಂದಲೇ ಊರಿಗೆ ಹೋಗೋಣ."

"ಯಾಕೆ? ಚೆನ್ನಾಗೇ ಅವ್ಳಲ್ಲ."

"ಚೆನ್ನಾಗಿಲ್ಲ. ಕಾಲು ಊದಿದೆ. ಉಸಿರು ನಡುನಡುವೆ ತಡೀತಿದೆ."

ದೇವರಾಜು ತಲೆ ಕೆರೆದುಕೊಂಡ. "ಅರಕಲಗೂಡು ಮುಗಿಸ್ಕಂಡು ಅಂಗೇ ಕಟ್ಟಾಯಕ್ಕೆ ಓಗ್ಬೋದಲ್ಲ. ಒಂದೇ ದಿನದ ಮಾತು."

ಒಳಗಿನಿಂದ ಮಲ್ಲಿಗಮ್ಮನ ಧ್ವನಿ ಬಂತು. "ಅನಸೂಯಾ, ನನ್ನ ಉಸ್ರಿಗೆ ನೀನು ಕಾವಲು ಕುಂತಿದ್ದೀಯಲ್ಲ. ನಿನ್ ಕೇಳ್ದೆ ಅದು ಎಲ್ಲಿಗೋದಾತು? ನಡೀರಿ ನಮ್ಮಪ್ಪನ ಮನೆಗೆ."

ಅನಸೂಯ ಹತ್ತಿ ಹಗ್ಗವನ್ನು ಎರಡು ಸಲ ಎಳೆದಳು.

ಅರಕಲಗೂಡಿನಾಚೆಯ ಆ ಮನೆಯ ಬಾಗಿಲಲ್ಲಿ ಮಲ್ಲಿಗಮ್ಮ ಸೊಸೆಯ ಭುಜಕ್ಕೆ ಒರಗಿ ಕುಳಿತಳು. ಅಣ್ಣನ ಮಕ್ಕಳು ಬಂದು ಕಾಲು ಮುಟ್ಟಿದರು, ಯಾರೆಂದು ಅವಳು ಕೇಳಲಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ್ದ ಶುಂಠಿಯ ವಾಸನೆಗೆ ಮೂಗರಳಿಸಿದಳು. "ಸಾಕು, ನಡೀ ಮನೆಗೆ," ಎಂದಳು.

ಹಿಂದಿರುಗುವ ದಾರಿಯಲ್ಲಿ ಅವಳು ಅರೆಗಣ್ಣಿನಲ್ಲಿ ಮಲಗಿದ್ದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದು ಸರಿಯುತ್ತಿತ್ತು. ಅನಸೂಯ ಎದೆಯ ಏರಿಳಿತವನ್ನೇ ನೋಡುತ್ತ ಕುಳಿತಳು. ರಸ್ತೆಯ ಕುಲುಕಾಟದಲ್ಲಿ ಯಾವುದು ಉಸಿರು, ಯಾವುದು ಬಸ್ಸಿನ ಅಲುಗಾಟ ಎಂದು ತಿಳಿಯದೆ ಮತ್ತೆ ಮತ್ತೆ ಬಗ್ಗುತ್ತಿದ್ದಳು. ಒಂದು ದೀರ್ಘ ಉಸಿರು ಬಂತು. ಮುಂದಿನದಕ್ಕೆ ಕಾದಳು. ಬರಲಿಲ್ಲ. ಹಿತ್ತಾಳೆಯ ಲೋಟವನ್ನು ಸೆರಗಿನಿಂದ ಒರೆಸಿ ಮೂಗಿನ ಬಳಿ ಹಿಡಿದಳು. ಅದರ ಹೊಳಪು ಮಸುಕಾಗಲಿಲ್ಲ. ಕುತ್ತಿಗೆಯ ನರ ಮುಟ್ಟಿ ನೋಡಿದಳು. ತುಟಿಗೆ ನೀರು ಬಿಟ್ಟಳು, ಅದು ಕಿವಿಯ ಕಡೆ ಹರಿದುಹೋಯಿತು.

ಕೈ ಹಗ್ಗಕ್ಕೆ ಹೋಯಿತು. ಒಂದು ಸಲ ಎಳೆದರೆ ಗಂಡ ನಿಲ್ಲಿಸುತ್ತಾನೆ, ಹತ್ತಿ ಬರುತ್ತಾನೆ, ಅಳುತ್ತಾನೆ. ಅತ್ತ ಮುಖ ಹೊತ್ತು ಊರಿಗೆ ಹೋದರೆ ಅವನಿಂದ ಏನನ್ನೂ ಮುಚ್ಚಿಡಲಾಗದು. ಅತ್ತೆ ಊರಬಾಗಿಲ ಆಚೆಯೇ ಉಳಿಯುತ್ತಾಳೆ, ಮಾವನ ಹಾಗೆ. ಅನಸೂಯ ಹಗ್ಗ ಹಿಡಿದುಕೊಂಡೇ ನಿಂತಿದ್ದಳು. ತನಗೇ ಗೊತ್ತಿಲ್ಲದೆ ಸ್ವಲ್ಪ ಎಳೆದಿರಬೇಕು, ಗಂಟೆ ಒಮ್ಮೆ ಬಡಿಯಿತು. ಬಸ್ಸು ನಿಧಾನವಾಯಿತು. ಹಲಗೆಯ ಕಿಂಡಿಯಿಂದ ದೇವರಾಜು ಕೂಗಿ ಕೇಳಿದ, "ಅವ್ವ ಎಂಗವ್ಳೆ?"

"ಮಲಗಿದ್ದಾರೆ," ಎಂದಳು. ಹಗ್ಗವನ್ನು ಎರಡು ಸಲ ಎಳೆದಳು.

ಆಮೇಲೆ ಅತ್ತೆಯ ಕಣ್ಣೆವೆ ಮುಚ್ಚಿ, ಬಾಯಿ ತೆರೆದುಕೊಳ್ಳದಂತೆ ಗದ್ದದ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಮೈ ಬೆಚ್ಚಗಿರಲೆಂದು ಕಂಬಳಿಯನ್ನು ಕುತ್ತಿಗೆಯವರೆಗೆ ಹೊದಿಸಿದಳು. ಕೈಯನ್ನು ತನ್ನ ಕೈಗಳ ನಡುವೆ ಉಜ್ಜುತ್ತ ಕುಳಿತಳು. ಅತ್ತರೆ ಮುಖ ಹೇಳಿಬಿಡುತ್ತದೆಂದು ಅಳಲಿಲ್ಲ.

ಬಸ್ಸಿನ ಸದ್ದಿಗೆ ಊರಬಾಗಿಲಲ್ಲಿ ಜನ ಸೇರಿದ್ದರು. ದೇವರಾಜುವಿನ ಅಣ್ಣ ಪುಟ್ಟರಾಜು ಮುಂದೆ ಬಂದು ಕೈ ಅಡ್ಡ ಹಿಡಿದ. ಅವನೇ ಊರಿನ ಯಜಮಾನ, ಅಪ್ಪನ ಗಾಡಿಯನ್ನು ಆಚೆ ನಿಲ್ಲಿಸಿದವನೂ ಅವನೇ. ಬಸ್ಸಿನ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದುದರಿಂದ ಅವನು ಹತ್ತಲಿಲ್ಲ. ಅವಳನ್ನು ಸರಿಸಿ ಒಳಗೆ ಹೋಗುವುದು ಬಾವನಾದವನಿಗೆ ಸಲ್ಲದು. ನೆಲ ನೋಡುತ್ತ ಕೇಳಿದ.

"ಉಸ್ರೈತೇನವ್ವ?"

"ಇದೆ ಬಾವ."

"ನೋಡಿ ಏಳ್ತಿದ್ದೀಯಾ?"

"ನೋಡೇ ಹೇಳ್ತಿದ್ದೀನಿ."

ಹಿಂದೆ ಯಾರೋ ಗೊಣಗಿದರು. ಪುಟ್ಟರಾಜು ಅವರ ಕಡೆ ತಿರುಗಿದ. "ಆ ಹೆಣ್ಮಗು ಬಾಯಲ್ಲಿ ಸುಳ್ಳು ಬರಲ್ಲ. ಬಿಡ್ರಲಾ ದಾರಿ."

ಬಸ್ಸು ಮನೆಯ ಮುಂದೆ ನಿಂತಿತು. "ಬೇಗ, ಬೇಗ," ಎಂದು ದೇವರಾಜು ಒಳಗೆ ನುಗ್ಗಿ ಕಂಬಳಿಯ ಸಮೇತ ಅವ್ವನನ್ನು ಎತ್ತಿದ. ಬಾಗಿಲು ಇಕ್ಕಟ್ಟು. ಓರೆಯಾಗಿ ತಿರುಗಿಸಿ ಇಳಿಸುವಾಗ ಅವನ ಕಾಲು ಮೆಟ್ಟಿಲಿನಿಂದ ಜಾರಿತು. ಬೀಳಲಿಲ್ಲ, ಆದರೆ ತೋಳಿನಲ್ಲಿದ್ದ ದೇಹ ಜೋರಾಗಿ ಕುಲುಕಿ ತಲೆ ಹಿಂದಕ್ಕೆ ವಾಲಿತು. ಹೊಸಿಲು ದಾಟಿ ಪಡಸಾಲೆಯ ಚಾಪೆಯ ಮೇಲೆ ಮಲಗಿಸಿದ. ಪುಟ್ಟರಾಜುವಿನ ಹೆಂಡತಿ ಸುಬ್ಬಮ್ಮ ಬಾಯಿಗೆ ಹಾಲು ಬಿಟ್ಟಳು. ಇಳಿಯಲಿಲ್ಲ.

"ಓಗ್ಬುಟ್ರು," ಎಂದಳು. "ಮನೆ ಮುಟ್ಟೇ ಓದ್ರು, ಪುಣ್ಯಾತ್ಗಿತ್ತಿ."

ಬೀದಿಯ ಹೆಂಗಸರೆಲ್ಲ ಬಂದರು. ಅವಳು ಬಯಸಿದ್ದಂತೆ ಅವಳ ಹಿತ್ತಿಲ ನೀರಿನಲ್ಲೇ ಮೀಯಿಸಿ, ಅವಳ ಪಡಸಾಲೆಯ ಗೋಡೆಗೇ ಒರಗಿಸಿ ಕೂರಿಸಿದರು. ಅವಳು ಆ ಬಾಗಿಲಿನಿಂದಲೇ ಹೊರಟಳು. ಅನಸೂಯ ಆಗ ಅತ್ತಳು. ಕೊಟ್ಟ ಮಾತು ನಡೆಯಿತೆಂಬ ಸಮಾಧಾನವೂ ಆ ಅಳುವಿನಲ್ಲಿ ಇತ್ತು.

ಹಾಸನಕ್ಕೆ ಹಿಂದಿರುಗಿದ ಮೇಲೆ ದೇವರಾಜು ಮೊದಲ ಸಲ ಕೇಳಿದ. "ನಾನು ಎತ್ದಾಗ ಅವ್ವ ಏನಾರಾ ಅಂದ್ಲಾ?"

"ಇಲ್ಲ."

"ಮುಲುಗ್ದಂಗಾಯ್ತು ನಂಗೆ."

"ಇಲ್ಲ ಅಂದ್ರೆ."

ಅವನು ಮತ್ತೆ ಕೇಳಿದ, ಊಟ ಮಾಡುವಾಗ, ಹಲ್ಲುಜ್ಜುವಾಗ. ಕಾಲು ಜಾರಿದ್ದು ಹೇಗೆಂದು ಎದ್ದು ನಿಂತು ತೋರಿಸುತ್ತಿದ್ದ. ಇನ್ನೂ ಇಬ್ಬರನ್ನು ಕರೆಯಬೇಕಿತ್ತು, ಹಲಗೆ ತರಿಸಬೇಕಿತ್ತು, ಅಷ್ಟು ಅವಸರ ಏನಿತ್ತು ಎನ್ನುತ್ತಿದ್ದ. ಹೊಸಿಲವರೆಗೆ ಜೀವ ಹಿಡಿದುಕೊಂಡು ಬಂದವಳನ್ನು ತಾನೇ ಕುಲುಕಿ ಕೊಂದೆನೆಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಬಸ್ಸನ್ನು ಷೆಡ್ಡಿಗೆ ಹಾಕಿ ಬೀಗ ಜಡಿದ. ಬರಬರುತ್ತ ಬೇರೆ ಬಸ್ಸುಗಳನ್ನೂ ತಾನು ಓಡಿಸದೆ ಸಂಬಳದ ಡ್ರೈವರಿಗೆ ಬಿಟ್ಟ.

ಅನಸೂಯ ಹೇಳದೆ ಇದ್ದಳು. ಹೇಳಿದರೆ ಅವನು ಅಣ್ಣನ ಮುಂದೆ ಆಡದೆ ಇರಲಾರ. ಆಮೇಲೆ ಊರು ಮೈಲಿಗೆಯಾಯಿತೆಂದು ಕೂರುತ್ತದೆ, ಅತ್ತೆಯ ಹೆಸರನ್ನು ಬೀದಿಯಲ್ಲಿ ಎಳೆದಾಡುತ್ತದೆ. ಕಾಲ ಕಳೆದರೆ ಅವನೇ ಸರಿಹೋಗುತ್ತಾನೆ ಎಂದುಕೊಂಡಳು. ಮಳೆಗಾಲ ಬಂದು ಹೋಯಿತು. ಅವನು ಸರಿಹೋಗಲಿಲ್ಲ. ಒಂದು ಮಧ್ಯಾಹ್ನ ಅನ್ನ ಕಲಸಿಟ್ಟುಕೊಂಡು ಉಣ್ಣದೆ ತನ್ನ ಎರಡು ಕೈಗಳನ್ನೂ ನೋಡುತ್ತ ಕುಳಿತಿದ್ದ. ಅನಸೂಯ ಎದುರಿಗೆ ಕುಳಿತಳು.

"ಅತ್ತೆ ನಿಮ್ಮ ಕೈಯಲ್ಲಿ ಹೋಗಲಿಲ್ಲ. ದಾರಿಯಲ್ಲೇ ಹೋಗಿದ್ದರು. ನೀವು ಹೆಂಗಿದ್ದಾಳೆ ಅಂತ ಕಿಂಡಿಯಿಂದ ಕೇಳಿದಿರಲ್ಲ, ಅಷ್ಟರಲ್ಲಿ ಆಗಿಹೋಗಿತ್ತು. ಮೂಗಿಗೆ ಲೋಟ ಹಿಡಿದು ನೋಡಿದ್ದೆ. ಬಾವನಿಗೆ ನಾನು ಹೇಳಿದ್ದು ಸುಳ್ಳು."

ಅವನ ಮುಖ ಮೆತ್ತಗಾಯಿತು. ನಂಬಿದನೆಂದುಕೊಂಡಳು.

"ನೀನು ಇಂಗೇ ಏನಾರಾ ಏಳ್ತೀಯ ಅಂದ್ಕಂಡಿದ್ದೆ ಕಣೆ," ಎಂದ ಅವನು. "ನನ್ ಸಂಕಟ ನೋಡಕ್ಕಾಗ್ತಿಲ್ಲ ನಿಂಗೆ."

"ಸಮಾಧಾನಕ್ಕೆ ಹೇಳ್ತಿಲ್ಲ. ನಡೆದದ್ದು ಹೇಳ್ತಿದ್ದೀನಿ."

"ಊರೋರೆಲ್ಲ ನಿಂತಿದ್ರು. ಅಣ್ಣ ಎರಡು ಸಲ ಕೇಳ್ದ. ನೋಡೇ ಹೇಳ್ತಿದ್ದೀನಿ ಅಂದೆ ನೀನು. ನಿನ್ನ ನಾನು ಕಾಣೆನಾ?" ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಸಾಕು ಬಿಡು, ಅನಸೂಯ. ನನಗೋಸ್ಕರ ಅವ್ವನ್ನ ದಾರೀಲಿ ಸಾಯಿಸ್ಬ್ಯಾಡ."

ಎದ್ದು ಹಿತ್ತಿಲಿಗೆ ಹೋದ. ನೀರು ಸುರಿಯುವ ಸದ್ದು ಕೇಳಿಸಿತು. ಅವನು ಕೈ ತೊಳೆಯುತ್ತಲೇ ಇದ್ದ. ಅನಸೂಯ ಬಾಗಿಲವರೆಗೆ ಹೋದಳು. ಬೇರೆ ಯಾವ ಮಾತಿನಲ್ಲಿ ಹೇಳಿದರೆ ನಂಬುತ್ತಾನೆಂದು ಹುಡುಕುತ್ತ, ಅವನ ಬೆನ್ನು ನೋಡುತ್ತ ಅಲ್ಲಿಯೇ ನಿಂತಳು.